ಲಾರ್ಕ್ ಹಕ್ಕಿಯ ಗುರುತು ಅದರ ಕಾಲಲ್ಲಿದೆ

(ಹಕ್ಕಿ ನೋಡುವ ಹವ್ಯಾಸದವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆ ಮೇಲೆ ಚಿತ್ರ ತೋರಿಸಿ ಮುಂದೆ ಹೋದ ಕಡೆ ಇಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಲಾರ್ಕ್ ಅಂದ ತಕ್ಷಣ ತಲೆಗೆ ಬರುವುದು ಹಾಡು. ಆಕಾಶದಲ್ಲಿ ಚುಕ್ಕಿಯಷ್ಟಾಗಿ ನಿಂತು ಬಿಡದೆ ಹಾಡುವ ಹಕ್ಕಿ, ಕವಿಗಳ ಮುದ್ದಿನ ಹಕ್ಕಿ. ಸರಿ, ಹಾಡಿಗೆ ಬರೋಣ, ಆದರೆ ಆಮೇಲೆ. ಮೊದಲು ಅದರ ಕಾಲು ನೋಡೋಣ. ಈ ಹಕ್ಕಿ ಆಕಾಶದಲ್ಲಿ ಇರುವುದು ದಿನದಲ್ಲಿ ಸ್ವಲ್ಪ ಹೊತ್ತು. ಮಿಕ್ಕಿದ್ದೆಲ್ಲ ನೆಲದ ಮೇಲೆ. ತಿನ್ನುವುದು, ಮಲಗುವುದು, ಗೂಡು ಕಟ್ಟುವುದು, ಮರಿ ಸಾಕುವುದು, ಶತ್ರು ಬಂದರೆ ಬಚ್ಚಿಟ್ಟುಕೊಳ್ಳುವುದು, ಎಲ್ಲ ನೆಲದಲ್ಲೇ. ನನ್ನ ವಾದ ಇಷ್ಟೇ: ಲಾರ್ಕ್‌ನ ಬಣ್ಣ, ನಡಿಗೆ, ಗೂಡು, ಕಡೆಗೆ ಆ ಹಾಡು ಕೂಡ, ಮರವಿಲ್ಲದ ಬಯಲಲ್ಲಿ ಬಾಳಬೇಕಾಗಿ ಬಂದದ್ದರ ಫಲ. ಅದಕ್ಕೇ ಕಾಲಿನಿಂದ ಶುರು ಮಾಡುತ್ತಿದ್ದೇನೆ.

ಹಾಡುಹಕ್ಕಿಗಳಲ್ಲಿ 4000ಕ್ಕೂ ಹೆಚ್ಚು ಜಾತಿಗಳಿವೆ. ಬಹುತೇಕ ಎಲ್ಲದರ ಕಾಲಿನ ಹಿಂಭಾಗವೂ ನುಣುಪಾಗಿರುತ್ತದೆ, ಎರಡು ಪಕ್ಕದ ತಗಡುಗಳು ಹಿಂದೆ ಬಂದು ಕೂಡಿ ಒಂದು ಚೂಪಾದ ಏಣು ಆಗಿರುತ್ತದೆ. ಲಾರ್ಕ್ ಕಾಲು ಹಾಗಿಲ್ಲ. ಹಿಂಭಾಗ ಗುಂಡಗಿದೆ, ಅಲ್ಲೂ ಮುಂಭಾಗದ ಹಾಗೆಯೇ ಸಾಲಾಗಿ ಹುರುಪೆಗಳಿವೆ. ಕೈಯಲ್ಲಿ ಹಿಡಿದು ಭೂತಗನ್ನಡಿ ಇಟ್ಟು ನೋಡಿದರೆ ಮಾತ್ರ ಕಾಣುವ ಗುರುತು ಇದು, ಬೈನಾಕ್ಯುಲರ್‌ನಲ್ಲಿ ಕಾಣುವುದಿಲ್ಲ. ಆದರೂ ಒಂದು ಹಕ್ಕಿ ಈ ಕುಟುಂಬದ್ದು ಹೌದೋ ಅಲ್ಲವೋ ಅಂತ ತೀರ್ಮಾನಿಸುವಾಗ ಪಕ್ಷಿತಜ್ಞರು ಬಹಳ ಕಾಲ ನೆಚ್ಚಿಕೊಂಡಿದ್ದು ಇದನ್ನೇ.

ಇನ್ನೊಂದು ಗುರುತು ಗಂಟಲೊಳಗಿದೆ. ಹಕ್ಕಿಗಳ ದನಿಪೆಟ್ಟಿಗೆ ನಮ್ಮ ಹಾಗೆ ಕುತ್ತಿಗೆಯ ಮೇಲ್ಭಾಗದಲ್ಲಿಲ್ಲ, ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ, ಎದೆಯೊಳಗೆ ಇದೆ. ಸಿರಿಂಕ್ಸ್ ಅಂತಾರೆ. ಬೇರೆ ಹಾಡುಹಕ್ಕಿಗಳಲ್ಲಿ ಆ ಕವಲಿನ ನಡುವೆ ಒಂದು ಪುಟ್ಟ ಮೂಳೆಯ ಅಡ್ಡಪಟ್ಟಿ ಇರುತ್ತದೆ. ಲಾರ್ಕ್‌ಗಳಲ್ಲಿ ಅದು ಮೂಳೆಯಾಗಿ ಬೆಳೆಯುವುದೇ ಇಲ್ಲ. ಹಾಡಿಗೆ ಇಷ್ಟು ಹೆಸರಾದ ಹಕ್ಕಿಯ ದನಿಪೆಟ್ಟಿಗೆ ಉಳಿದ ಹಾಡುಹಕ್ಕಿಗಳದ್ದಕ್ಕಿಂತ ಸರಳ! ನನಗೆ ಇದು ಬಹಳ ಇಷ್ಟವಾದ ಸಂಗತಿ.

ಈ ಎರಡು ಗುರುತುಗಳನ್ನು ನೋಡಿ ಹಿಂದಿನವರು ಲಾರ್ಕ್‌ಗಳನ್ನು ಹಳೇ ಕಾಲದ ಹಕ್ಕಿ ಅಂದುಕೊಂಡು ಹಾಡುಹಕ್ಕಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕೂರಿಸಿದ್ದರು. ಹಳೆಯ ಹಕ್ಕಿ ಪುಸ್ತಕಗಳಲ್ಲಿ ಲಾರ್ಕ್ ಮೊದಲಿಗೆ ಬರುತ್ತಿದ್ದದ್ದು ಅದಕ್ಕೇ. ಡಿಎನ್ಎ ನೋಡಲು ಶುರು ಮಾಡಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಈಗ ಲಾರ್ಕ್‌ಗಳ ಜಾಗ ಪಿಕಳಾರ, ಕವಲುತೋಕೆಯಂಥ ಹಕ್ಕಿಗಳಿರುವ ದೊಡ್ಡ ಬಳಗದೊಳಗೆ. ಅತಿ ಹತ್ತಿರದ ನೆಂಟ ಯಾರು ಗೊತ್ತಾ? ಬಿಯರ್ಡೆಡ್ ರೀಡ್‌ಲಿಂಗ್ ಅನ್ನುವ, ಯುರೋಪ್ ಏಷ್ಯಾಗಳ ಜೌಗಿನಲ್ಲಿ ಜೊಂಡಿನ ಕಡ್ಡಿ ಹಿಡಿದು ಓಡಾಡುವ ಹಕ್ಕಿ. ಒಣನೆಲದ ಹಕ್ಕಿಗೆ ಕೆಸರಿನ ಹಕ್ಕಿ ನೆಂಟ. ನೋಡಿದರೆ ಯಾರೂ ಹೇಳಲಾರರು.

ಕಾಲಿನಲ್ಲಿ ನಮಗೂ ಕಾಣುವಂಥದ್ದು ಒಂದಿದೆ. ಹಿಂಬೆರಳಿನ ಉಗುರು. ಬಹಳಷ್ಟು ಲಾರ್ಕ್‌ಗಳಲ್ಲಿ ಅದು ಬೆರಳಿಗಿಂತಲೂ ಉದ್ದ, ಬಾಗಿರುವುದಿಲ್ಲ, ಹೆಚ್ಚುಕಮ್ಮಿ ನೇರ. ಕೊಂಬೆ ಹಿಡಿದು ಕೂರುವ ಹಕ್ಕಿಗೆ ಇಂಥ ಉಗುರು ತೊಡಕು. ನೆಲದಲ್ಲಿ, ಅದರಲ್ಲೂ ಹುಲ್ಲಿನ ಮೇಲೆ ನಡೆಯುವ ಹಕ್ಕಿಗೆ ಇದು ಆಸರೆ. ಹುಲ್ಲುಗಾವಲಿನ ಜಾತಿಗಳಲ್ಲಿ ಉಗುರು ಉದ್ದ, ಗಟ್ಟಿ ಬರಡು ನೆಲದ ಜಾತಿಗಳಲ್ಲಿ ಗಿಡ್ಡ ಅನ್ನುವುದು ಒಟ್ಟಾರೆ ಕಾಣುವ ಚಹರೆ. ಇನ್ನು ನಡಿಗೆ. ಗುಬ್ಬಿ ಕುಪ್ಪಳಿಸುತ್ತದೆ, ಲಾರ್ಕ್ ಒಂದಾದ ಮೇಲೊಂದು ಕಾಲಿಟ್ಟು ನಡೆಯುತ್ತದೆ, ಓಡುತ್ತದೆ, ಥಟ್ಟನೆ ನಿಲ್ಲುತ್ತದೆ. ನಿಂತದ್ದೇ ತಡ, ಮಾಯ. ಎಲ್ಲಿ ಹೋಯಿತು ಅಂತ ಹುಡುಕುತ್ತೀರಿ, ಅದು ಅಲ್ಲೇ ಇರುತ್ತದೆ.

ಇಲ್ಲಿ ಒಂದು ಗೊಂದಲ ತೀರಿಸಿಬಿಡೋಣ. ಪಿಪಿಟ್ ಅನ್ನುವ ಹಕ್ಕಿಗಳೂ ಹೀಗೇ, ಕಂದು ಬಣ್ಣ, ಎದೆ ಮೇಲೆ ಗೀರು, ನೆಲದ ಮೇಲೆ ನಡಿಗೆ, ಉದ್ದ ಹಿಂಬೆರಳುಗುರು. ಅವು ಲಾರ್ಕ್ ಅಲ್ಲ, ಕುಂಡೆಕುಸ್ಕಗಳ ಕುಟುಂಬ. ಒಂದೇ ಥರದ ನೆಲದಲ್ಲಿ ಒಂದೇ ಥರ ಬದುಕಿ ಒಂದೇ ಥರ ಆಗಿವೆ, ಅಷ್ಟೇ. ಪಿಪಿಟ್ ತೆಳ್ಳಗೆ, ಉದ್ದಕ್ಕೆ ಇರುತ್ತದೆ, ಕೊಕ್ಕು ಸಣ್ಣ, ಬಾಲ ಅಲ್ಲಾಡಿಸುತ್ತಿರುತ್ತದೆ. ಲಾರ್ಕ್ ಸ್ವಲ್ಪ ದುಂಡು, ಕೊಕ್ಕು ದಪ್ಪ, ಎಷ್ಟೋ ಜಾತಿಗಳಿಗೆ ತಲೆ ಮೇಲೆ ಎತ್ತಿ ಇಳಿಸುವ ಜುಟ್ಟು ಇರುತ್ತದೆ. ಇನ್ನೊಂದು ಕಡೆ ಹೆಸರಿನ ಗೊಂದಲ. ಅಮೆರಿಕದ ಮೆಡೋಲಾರ್ಕ್ ಲಾರ್ಕ್ ಅಲ್ಲ, ಆಸ್ಟ್ರೇಲಿಯಾದ ಮ್ಯಾಗ್‌ಪೈ ಲಾರ್ಕ್ ಕೂಡ ಅಲ್ಲ. ಹೋದ ಕಡೆಯೆಲ್ಲ ಊರಿನ ಹಕ್ಕಿ ಹೆಸರನ್ನೇ ಅಂಟಿಸಿದ ವಲಸೆಗಾರರ ಕೆಲಸ ಅದು.

ನಿಜವಾದ ಲಾರ್ಕ್ ಜಾತಿಗಳು ಸುಮಾರು 100. ಬಹುಪಾಲು ಆಫ್ರಿಕಾದಲ್ಲಿ, ಆಮೇಲೆ ಏಷ್ಯಾ, ಯುರೋಪ್. ಅಮೆರಿಕ ಖಂಡಗಳಿಗೆಲ್ಲ ಸೇರಿ ಸ್ವಂತದ್ದು ಅಂತ ಇರುವುದು ಒಂದೇ, ಕೊಂಬಿನ ಲಾರ್ಕ್. ಆಸ್ಟ್ರೇಲಿಯಾಕ್ಕೂ ಒಂದೇ, ಒಂದು ಜಾತಿಯ ಬುಷ್‌ಲಾರ್ಕ್. ಯುರೋಪಿನ ಹೊಲ ಹುಲ್ಲುಗಾವಲುಗಳ ಸ್ಕೈಲಾರ್ಕ್ ಅನ್ನುವ ಜಾತಿಯನ್ನು 19ನೇ ಶತಮಾನದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹಡಗಿನಲ್ಲಿ ತಂದು ಬಿಟ್ಟರು, ಅಲ್ಲಿ ಚೆನ್ನಾಗಿಯೇ ನೆಲೆ ನಿಂತಿದೆ. ಕೊಂಬಿನ ಲಾರ್ಕ್ ಮಾತ್ರ ಯಾರ ಸಹಾಯವೂ ಇಲ್ಲದೆ ಲೋಕ ಸುತ್ತಿದ ಹಕ್ಕಿ. ಉತ್ತರ ಧ್ರುವದ ಹತ್ತಿರದ ಟಂಡ್ರಾದಲ್ಲಿ ಇದೆ, ಹಿಮಾಲಯದ ಎತ್ತರದ ಬೋಳುನೆಲದಲ್ಲಿ ಇದೆ, ಮರುಭೂಮಿಯ ಅಂಚಲ್ಲಿ ಇದೆ, ಕೊಲಂಬಿಯಾದಲ್ಲಿ ಆಂಡಿಸ್ ಮೇಲೆ ಒಂದು ಒಂಟಿ ಗುಂಪೂ ಇದೆ. ತಲೆಯ ಎರಡೂ ಬದಿ ಎರಡು ಕಪ್ಪು ಗರಿಗಳು ಪುಟ್ಟ ಕೊಂಬಿನ ಹಾಗೆ ನಿಂತಿರುತ್ತವೆ, ಅದಕ್ಕೆ ಈ ಹೆಸರು.

ಇನ್ನು ಬಣ್ಣ. ಲಾರ್ಕ್ ನೋಡಿದವರು ಮೊದಲು ಹೇಳುವುದು, ಅಯ್ಯೋ ಇಷ್ಟೇನಾ, ಮಣ್ಣಿನ ಬಣ್ಣ! ಹೌದು, ಮಣ್ಣಿನ ಬಣ್ಣವೇ. ಆದರೆ ಯಾವ ಮಣ್ಣು? ಅಲ್ಲಿರುವುದು ಮಜಾ. ಮರುಭೂಮಿಯ ಲಾರ್ಕ್ ಅಂತ ಒಂದು ಜಾತಿ ಇದೆ, ಉತ್ತರ ಆಫ್ರಿಕಾದಿಂದ ವಾಯವ್ಯ ಭಾರತದವರೆಗೆ ಹರಡಿಕೊಂಡಿದೆ. ತಿಳಿ ಮರಳಿನ ಕಡೆ ಇರುವ ಹಕ್ಕಿ ತಿಳಿ ಮರಳು ಬಣ್ಣ. ಅದೇ ಜಾತಿ ಜೋರ್ಡಾನ್ ಮತ್ತು ಸಿರಿಯಾದ ಕಪ್ಪು ಲಾವಾ ಕಲ್ಲಿನ ಬಯಲಿನಲ್ಲಿ ಹೆಚ್ಚುಕಮ್ಮಿ ಕಪ್ಪಗಿದೆ. ದಕ್ಷಿಣ ಆಫ್ರಿಕಾದ ಕೆಂಪು ಲಾರ್ಕ್, ಕೆಂಪು ಮರಳು ದಿಬ್ಬಗಳ ಕೆಂಪು. ಹಕ್ಕಿ ನೆಲದಲ್ಲಿ ಕೂತಿದೆ, ಮೇಲೆ ಡೇಗೆ ಸುತ್ತುತ್ತಿದೆ, ಓಡಿಹೋಗಿ ಹೊಕ್ಕಲು ಒಂದು ಪೊದೆಯೂ ಇಲ್ಲ. ಬೆನ್ನು ನೆಲದ ಬಣ್ಣಕ್ಕೆ ಹೊಂದದ ಹಕ್ಕಿ ಎಷ್ಟು ದಿನ ಬಾಳೀತು ಹೇಳಿ.

ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯದ್ದು ಇದಕ್ಕಿಂತ ಸ್ವಾರಸ್ಯದ ಕತೆ. ಅದು ಮೊದಲು ಬಿಳಿಚು ಮರುಭೂಮಿ. 20ನೇ ಶತಮಾನದಲ್ಲಿ ಕಾಲುವೆ ತಂದು ನೀರು ಹಾಯಿಸಿ ಬೇಸಾಯ ಶುರು ಮಾಡಿದರು, ನೆಲ ಕಪ್ಪಾಯಿತು. ಮ್ಯೂಸಿಯಂನಲ್ಲಿ ಕಾಪಾಡಿದ್ದ ಹಳೆಯ ಕೊಂಬಿನ ಲಾರ್ಕ್‌ಗಳನ್ನೂ ಈಚೆಗೆ ಸಂಗ್ರಹಿಸಿದ್ದವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈಚಿನವುಗಳ ಬೆನ್ನು ಕಪ್ಪಾಗಿದೆ. ನೂರು ವರ್ಷದೊಳಗೆ. ವಿಕಾಸ ಅಂದರೆ ಲಕ್ಷಾಂತರ ವರ್ಷದ ಬಾಬತ್ತು ಅಂತ ಶಾಲೆಯಲ್ಲಿ ಕಲಿತವರಿಗೆ ಇದು ಸ್ವಲ್ಪ ಕಕ್ಕಾಬಿಕ್ಕಿ ಮಾಡುವ ಮಾತು, ಅಲ್ವಾ?

ಹಾಗಂತ ಹಳೇ ಹಕ್ಕಿಯ ಬಣ್ಣ ನೋಡಿ ಸುಮ್ನೆ ನಂಬುವಂತಿಲ್ಲ. ಅಮೆರಿಕದ ಕಾರ್ಖಾನೆ ಪಟ್ಟಣಗಳ ಕಡೆಯಿಂದ ಹಿಡಿದ ಹಳೆಯ ಕೊಂಬಿನ ಲಾರ್ಕ್‌ಗಳ ಹೊಟ್ಟೆ ಬೂದು ಬಣ್ಣಕ್ಕಿದೆ, ಆದರೆ ಅದು ಗರಿಯ ಬಣ್ಣವಲ್ಲ, ಕಲ್ಲಿದ್ದಲ ಮಸಿ. 2017ರಲ್ಲಿ ಇಬ್ಬರು ಸಂಶೋಧಕರು ಐದು ಜಾತಿಯ 1300ಕ್ಕೂ ಹೆಚ್ಚು ಮ್ಯೂಸಿಯಂ ಹಕ್ಕಿಗಳನ್ನು ನೋಡಿ 135 ವರ್ಷಗಳಲ್ಲಿ ಗಾಳಿಯಲ್ಲಿ ಮಸಿ ಎಷ್ಟೆಷ್ಟು ಇತ್ತು ಅಂತ ಲೆಕ್ಕ ಹಾಕಿದರು. ಆ ಐದರಲ್ಲಿ ಕೊಂಬಿನ ಲಾರ್ಕ್ ಒಂದು. ಗರಿ ವರ್ಷಕ್ಕೊಮ್ಮೆ ಉದುರಿ ಹೊಸದು ಬರುವುದರಿಂದ, ಹಕ್ಕಿ ಮೇಲಿನ ಮಸಿ ಆ ವರ್ಷದ ಮಸಿಯೇ. ಕ್ಯಾಲಿಫೋರ್ನಿಯಾದ ಕತೆಯಲ್ಲಿ ಇಂಥ ಅನುಮಾನಕ್ಕೆ ಜಾಗ ಕಮ್ಮಿ, ಯಾಕೆಂದರೆ ಆಮೇಲೆ ಡಿಎನ್ಎಯನ್ನೂ ನೋಡಿದ್ದಾರೆ, ಬಣ್ಣಕ್ಕೆ ಸಂಬಂಧಿಸಿದ ಜೀನ್‌ಗಳಲ್ಲಿ ಬದಲಾವಣೆ ಕಂಡಿದೆ.

ಈಗ ಬಿಸಿಲು. ಬಯಲು ಅಂದರೆ ನೆರಳಿಲ್ಲ. ಅರೇಬಿಯಾದ ಮರುಭೂಮಿಯಲ್ಲಿ ಬೇಸಿಗೆ ಮಧ್ಯಾಹ್ನ ನೆಲ ಕಾದ ಹೆಂಚಾಗಿರುತ್ತದೆ. ಅಲ್ಲಿ ಹೂಪೋ ಲಾರ್ಕ್ ಅನ್ನುವ ಉದ್ದ ಕಾಲಿನ, ಬಾಗಿದ ಕೊಕ್ಕಿನ ಹಕ್ಕಿ ಇದೆ, ಈ ಕುಟುಂಬದಲ್ಲಿ ದೊಡ್ಡವುಗಳಲ್ಲಿ ಒಂದು. ಅದು ಆ ಹೊತ್ತಿನಲ್ಲಿ ಎಲ್ಲಿರುತ್ತದೆ ಅಂತ ಹುಡುಕಿದವರಿಗೆ ಸಿಕ್ಕಿದ್ದು ಮುಳ್ಳುಬಾಲದ ದೊಡ್ಡ ಓತಿಯ ಬಿಲದೊಳಗೆ. ಹಕ್ಕಿ ಬಿಲ ಹೊಕ್ಕು ಕೂತುಕೊಳ್ಳುತ್ತದೆ! ಹೊರಗಿನ ಸೆಕೆಗಿಂತ ಅಲ್ಲಿ ಎಷ್ಟೋ ತಂಪು, ಮೈಯಿಂದ ಆರಿಹೋಗುವ ನೀರೂ ಉಳಿಯುತ್ತದೆ. 1999ರಲ್ಲಿ ಇದನ್ನು ವರದಿ ಮಾಡಿದ ತಂಡವೇ ಮುಂದೆ ಬೇರೆ ಬೇರೆ ಹವೆಯ ಲಾರ್ಕ್‌ಗಳನ್ನು ಹೋಲಿಸಿ ನೋಡಿತು. ಮರುಭೂಮಿಯ ಲಾರ್ಕ್‌ಗಳು ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ ಕಡಿಮೆ, ಆವಿಯಾಗಿ ಕಳೆದುಕೊಳ್ಳುವ ನೀರೂ ಕಡಿಮೆ. ಚರ್ಮದ ಮೇಲ್ಪದರದ ಕೊಬ್ಬಿನಂಶದ ಹದವೇ ಬೇರೆ, ನೀರು ಸುಲಭವಾಗಿ ಹೊರಗೆ ಹೋಗದ ಹಾಗೆ. ಒಂದೇ ಕುಟುಂಬದವರು ಯುರೋಪಿನ ಒದ್ದೆ ಹುಲ್ಲುಗಾವಲಿನಲ್ಲೂ ಸೌದಿ ಮರಳಿನಲ್ಲೂ ಇರುವುದರಿಂದ ಇಂಥ ಹೋಲಿಕೆಗೆ ಲಾರ್ಕ್ ಹೇಳಿ ಮಾಡಿಸಿದಂತಿದೆ. ನೀರು ಸಿಕ್ಕರೂ ಲಾರ್ಕ್‌ಗಳು ಅದರಲ್ಲಿ ಇಳಿದು ಮೀಯುವುದು ಅಪರೂಪ. ದೂಳಿನಲ್ಲಿ ಹೊರಳುತ್ತವೆ, ಇಲ್ಲವೇ ಮಳೆ ಬಂದಾಗ ರೆಕ್ಕೆ ಹರಡಿ ನೆಲಕ್ಕೆ ಒತ್ತಿ ಕೂತು ನೆನೆಯುತ್ತವೆ.

ಗೂಡಿನ ವಿಚಾರ ಸ್ವಲ್ಪ ಹತ್ತಿರದಿಂದ ನೋಡೋಣ. ನೆಲದಲ್ಲಿ ಒಂದು ಗುಳಿ. ಹಸುವಿನ ಗೊರಸು ಊರಿದ ತಗ್ಗು ಸಿಕ್ಕರೂ ಆದೀತು, ಇಲ್ಲದಿದ್ದರೆ ತಾನೇ ಕೆರೆದು ಮಾಡಿಕೊಳ್ಳುತ್ತದೆ. ಒಳಗೆ ಒಣಹುಲ್ಲಿನ ಬಟ್ಟಲು, ಅದರ ಬಾಯಿ ನೆಲದ ಮಟ್ಟಕ್ಕೇ ಸಮ. ಪಕ್ಕದಲ್ಲಿ ಒಂದು ಹುಲ್ಲಿನ ಬುಡವೋ ಕಲ್ಲೋ ಇರುತ್ತದೆ, ಬಿಸಿ ಜಾಸ್ತಿ ಇರುವ ಕಡೆ ಗೂಡು ಸಾಮಾನ್ಯವಾಗಿ ಅದರ ನೆರಳು ಬೀಳುವ ಬದಿಗೆ. ಕೆಲವು ಜಾತಿಗಳು ಗೂಡಿನ ಬಾಯಿಯ ಸುತ್ತ ಪುಟ್ಟ ಪುಟ್ಟ ಕಲ್ಲು ತಂದು ಜೋಡಿಸುತ್ತವೆ, ಕಟ್ಟೆ ಕಟ್ಟಿದ ಹಾಗೆ. ನೆಲಗುಬ್ಬಿಗಳಲ್ಲೂ (ಹೆಸರು ಗುಬ್ಬಿ, ಆದರೆ ಇವೂ ಲಾರ್ಕ್‌ಗಳೇ) ಮರುಭೂಮಿಯ ಲಾರ್ಕ್‌ಗಳಲ್ಲೂ ಇದು ಇದೆ. ಕಜಾಕಸ್ತಾನದ ಹುಲ್ಲುಗಾವಲಿನ ಕಪ್ಪು ಲಾರ್ಕ್ ಇನ್ನೂ ವಿಚಿತ್ರ, ಅದು ಕಲ್ಲಿನ ಬದಲು ಸೆಗಣಿ ತುಂಡುಗಳನ್ನು ತಂದು ಗೂಡಿನ ಸುತ್ತ ಹಾಸುತ್ತದೆ. ಸೆಗಣಿ ಇರುವ ಕಡೆ ದನಗಳು ಮೇಯಲು ಹೋಗುವುದಿಲ್ಲ, ಹಾಗಾಗಿ ಗೂಡು ತುಳಿತದಿಂದ ಉಳಿಯುತ್ತದೆ ಅನ್ನುವುದು ಒಂದು ವಿವರಣೆ. ಗೂಡಿನ ಸುತ್ತಲ ಬಿಸಿ ತಂಪು ಸಮವಾಗಿರಲಿ ಅಂತ ಅನ್ನುವುದು ಇನ್ನೊಂದು. ಎರಡೂ ಸರಿ ಇರಬಹುದು, ಹಕ್ಕಿಗೇನು, ಒಂದೇ ಕಾರಣ ಇರಬೇಕು ಅಂತ ಕಾಯಿದೆ ಇಲ್ಲವಲ್ಲ.

ನೆಲದ ಗೂಡಿಗೆ ಎಲ್ಲರೂ ಶತ್ರುಗಳೇ. ಹಾವು, ನರಿ, ಕಾಗೆ, ಮುಂಗುಸಿ. ಹಾಗಾಗಿ ಲಾರ್ಕ್‌ಗೆ ಪುರುಸೊತ್ತು ಇಲ್ಲ. ಸ್ಕೈಲಾರ್ಕ್ ಮೊಟ್ಟೆಗೆ ಕಾವು ಕೂರುವುದು 11 ದಿನ. ಮೊಟ್ಟೆ ಒಡೆದ ಮೇಲೆ 8ರಿಂದ 10 ದಿನಕ್ಕೆ ಮರಿಗಳು ಗೂಡು ಬಿಟ್ಟು ನಡೆದುಕೊಂಡು ಹೊರಡುತ್ತವೆ, ಇನ್ನೂ ಹಾರಲು ಬರುವುದಿಲ್ಲ! ಒಂದೊಂದು ಒಂದೊಂದು ಕಡೆ ಹುಲ್ಲಿನಲ್ಲಿ ಅಡಗಿ ಕೂರುತ್ತದೆ, ತಂದೆ ತಾಯಿ ಹುಡುಕಿಕೊಂಡು ಹೋಗಿ ಹುಳ ಕೊಡುತ್ತವೆ. ಎಲ್ಲವೂ ಒಂದೇ ಗೂಡಿನಲ್ಲಿದ್ದರೆ ಒಂದೇ ಬಾಯಿಗೆ ತುತ್ತಾಗುವ ಭಯ. ಗೂಡಲ್ಲಿದ್ದಾಗ ಮರಿಯ ಬೆನ್ನು ತುಂಬ ಉದ್ದನೆಯ, ಒಣಹುಲ್ಲು ಬಣ್ಣದ ನವುರು ಗರಿ ಇರುತ್ತದೆ. ಕಣ್ಣು ಮುಚ್ಚಿ ಮುದುರಿ ಕೂತರೆ ಒಂದು ಹಿಡಿ ಕಸ. ಬಾಯಿ ತೆರೆದಾಗ ಮಾತ್ರ ಹಳದಿ ಬಾಯಿ, ನಾಲಿಗೆ ಮೇಲೆ ಎದ್ದು ಕಾಣುವ ಕಪ್ಪು ಚುಕ್ಕಿಗಳು. ಬೆಳೆದ ಲಾರ್ಕ್ ಬೀಜವನ್ನೂ ತಿನ್ನುತ್ತದೆ, ಹುಳವನ್ನೂ ತಿನ್ನುತ್ತದೆ, ಮರಿಗೆ ಮಾತ್ರ ಹುಳವೇ ಬೇಕು.

ಹಾಡಿಗೆ ಬಂದೆ ನೋಡಿ. ಕಾಡಿನ ಹಕ್ಕಿ ಕೊಂಬೆ ತುದಿಯಲ್ಲಿ ಕೂತು ಹಾಡುತ್ತದೆ, ದನಿ ದೂರ ಹೋಗಬೇಕಾದರೆ ಎತ್ತರ ಬೇಕು. ಬಯಲಿನಲ್ಲಿ ಎತ್ತರವೇ ಇಲ್ಲ. ನೆಲದಲ್ಲಿ ನಿಂತು ಹಾಡಿದರೆ ಹುಲ್ಲು, ಮಣ್ಣು ದನಿಯನ್ನು ನುಂಗಿಹಾಕುತ್ತವೆ. ಹಾಗಾದರೆ ಏನು ದಾರಿ? ಎತ್ತರವನ್ನು ತಾನೇ ಏರುವುದು. ಗಂಡು ಸ್ಕೈಲಾರ್ಕ್ ನೆಲದಿಂದ ಹೆಚ್ಚುಕಮ್ಮಿ ನೇರವಾಗಿ, ರೆಕ್ಕೆ ಬಡಿಯುತ್ತ, ಹಾಡುತ್ತಲೇ ಮೇಲೇರುತ್ತದೆ. 50 ಮೀಟರ್, 100 ಮೀಟರ್. ಅಲ್ಲಿ ಗಾಳಿಗೆ ಎದುರಾಗಿ ನಿಂತಂತೆ ತೇಲುತ್ತ ಹಾಡು ಮುಂದುವರಿಯುತ್ತದೆ, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಎಲ್ಲಿ ತೆಗೆದುಕೊಂಡಿತು ಅಂತ ಗೊತ್ತೇ ಆಗುವುದಿಲ್ಲ. ಎರಡು ಮೂರು ನಿಮಿಷ ಸಾಮಾನ್ಯ, ಅದಕ್ಕಿಂತ ಬಹಳ ಹೊತ್ತು ಹಾಡುವುದೂ ಇದೆ. ಆಮೇಲೆ ಹಾಡುತ್ತಲೇ ಸುತ್ತುತ್ತ ಇಳಿಯುತ್ತದೆ, ಕೊನೆಯ ಕೆಲವು ಮೀಟರ್ ಹಾಡು ನಿಲ್ಲಿಸಿ ಕಲ್ಲು ಬಿದ್ದ ಹಾಗೆ ನೆಲಕ್ಕೆ. ಸುಮಾರು 40 ಗ್ರಾಂ ತೂಕದ ಹಕ್ಕಿ ಇಷ್ಟೂ ಹೊತ್ತು ರೆಕ್ಕೆ ಬಡಿಯುತ್ತಲೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಹೆಣ್ಣಿಗೆ ಗೊತ್ತಾಗಬೇಕಾದ್ದು ಬಹುಶಃ ಅದೇ, ಈ ಗಂಡಿಗೆ ಎಷ್ಟು ಕಸುವಿದೆ ಅನ್ನುವುದು.

ಆ ಕಸುವನ್ನು ಅಳೆಯುವುದು ಹೆಣ್ಣು ಮಾತ್ರವಲ್ಲ. ಮರ್ಲಿನ್ ಅನ್ನುವ ಪುಟ್ಟ ಚಾಣ ಸ್ಕೈಲಾರ್ಕನ್ನು ಬೆನ್ನಟ್ಟುವಾಗ ಲಾರ್ಕ್ ಕೆಲವೊಮ್ಮೆ ಓಡುತ್ತ ಓಡುತ್ತಲೇ ಹಾಡುತ್ತದೆ. ಪ್ರಾಣ ಹೋಗುವಾಗ ಹಾಡು ಯಾಕೆ? ಸ್ಕಾಟ್ಲೆಂಡಿನಲ್ಲಿ ಚಳಿಗಾಲದಲ್ಲಿ ಇಂಥ ಬೆನ್ನಟ್ಟುವಿಕೆಗಳನ್ನು ನೋಡಿ ಲೆಕ್ಕವಿಟ್ಟ ವಿಲ್ ಕ್ರೆಸ್‌ವೆಲ್ 1994ರಲ್ಲಿ ಉತ್ತರ ಕೊಟ್ಟರು. ಚೆನ್ನಾಗಿ ಹಾಡಿದ ಲಾರ್ಕನ್ನು ಮರ್ಲಿನ್ ಬೇಗ ಕೈಬಿಡುತ್ತದೆ. ಹಾಡದ ಲಾರ್ಕನ್ನು ಜಾಸ್ತಿ ಹೊತ್ತು ಅಟ್ಟುತ್ತದೆ, ಹಿಡಿಯುವುದೂ ಅದನ್ನೇ ಹೆಚ್ಚು. ಅಂದರೆ ಲಾರ್ಕ್ ಹೇಳುತ್ತಿರುವುದು ಇಷ್ಟು: ನೋಡು, ಹಾಡಿಕೊಂಡು ಓಡುವಷ್ಟು ಉಸಿರಿದೆ ನನಗೆ, ನಿನ್ನ ಕೈಗೆ ಸಿಗೋದಿಲ್ಲ, ಸುಮ್ನೆ ಹೋಗು. ಸುಳ್ಳು ಹೇಳಲು ಆಗದ ಮಾತು ಅದು, ಉಸಿರಿಲ್ಲದವನಿಗೆ ಹಾಡಲು ಆಗುವುದೇ ಇಲ್ಲವಲ್ಲ.

ಹಾಡಿನಲ್ಲಿ ಏನಿದೆ ಅನ್ನುವುದೂ ನೋಡಬೇಕು. ಒಂದು ಗಂಡು ಸ್ಕೈಲಾರ್ಕ್ ಬಳಸುವ ಬೇರೆ ಬೇರೆ ತುಣುಕುಗಳು 300ಕ್ಕೂ ಮೇಲೆ. ಅಕ್ಕಪಕ್ಕದ ಹೊಲದ ಗಂಡುಗಳ ಹಾಡಿನಲ್ಲಿ ಕೆಲವು ತುಣುಕುಗಳ ಸಾಲು ಒಂದೇ ಆಗಿರುತ್ತದೆ, ದೂರದ ಗುಂಪಿನಲ್ಲಿ ಅದು ಇರುವುದಿಲ್ಲ. ಒಂದು ಥರದಲ್ಲಿ ಆ ಕಡೆಯ ಮಾತಿನ ಧಾಟಿ. ಫ್ರಾನ್ಸಿನಲ್ಲಿ ಎಲೋಡಿ ಬ್ರೀಫರ್ ಮತ್ತು ಸಂಗಡಿಗರು ಧ್ವನಿಮುದ್ರಣ ಹಾಕಿ ಪರೀಕ್ಷೆ ಮಾಡಿದರು. ಪಕ್ಕದವನ ಹಾಡು ಕೇಳಿದರೆ ಲಾರ್ಕ್ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಪರಿಚಯವಿಲ್ಲದವನ ಹಾಡಾದರೆ ಜಗಳಕ್ಕೆ ಬರುತ್ತದೆ. ಆದರೆ ಈ ಸೌಜನ್ಯ ಗಡಿಗಳು ಗಟ್ಟಿಯಾದ ಋತುವಿನ ನಡುಭಾಗದಲ್ಲಿ ಮಾತ್ರ. ಶುರುವಿನಲ್ಲಿ, ಇನ್ನೂ ಯಾರ ಜಾಗ ಯಾವುದು ಅಂತ ತೀರ್ಮಾನ ಆಗದಿದ್ದಾಗ, ಪಕ್ಕದವನೂ ಶತ್ರುವೇ.

ಅನುಕರಣೆಯಲ್ಲೂ ಈ ಕುಟುಂಬದ್ದು ಎತ್ತಿದ ಕೈ. ಜುಟ್ಟು ಲಾರ್ಕ್, ಕ್ಯಾಲಂಡ್ರಾ ಲಾರ್ಕ್ ಬೇರೆ ಹಕ್ಕಿಗಳ ಕೂಗನ್ನು ಹಾಡಿನ ಮಧ್ಯೆ ಸೇರಿಸಿಕೊಳ್ಳುತ್ತವೆ. ನನ್ನ ಮೆಚ್ಚಿನ ಪ್ರಸಂಗ ಜರ್ಮನಿಯದ್ದು. ಅಲ್ಲಿ ಕುರುಬನೊಬ್ಬ ತನ್ನ ನಾಯಿಗಳಿಗೆ ಅಪ್ಪಣೆ ಕೊಡಲು ಬೇರೆ ಬೇರೆ ಸಿಳ್ಳೆ ಹಾಕುತ್ತಿದ್ದ. ಅಲ್ಲಿನ ಜುಟ್ಟು ಲಾರ್ಕ್‌ಗಳು ಅವನ್ನು ಕಲಿತುಬಿಟ್ಟವು, ಎಷ್ಟು ಚೊಕ್ಕವಾಗಿ ಅಂದರೆ ಅವುಗಳ ಸಿಳ್ಳೆ ಕೇಳಿಸಿದರೂ ನಾಯಿಗಳು ಅಪ್ಪಣೆ ಪಾಲಿಸುತ್ತಿದ್ದವು. ಎರ್ವಿನ್ ಟ್ರೆಟ್ಸೆಲ್ 1965ರಲ್ಲಿ ಇದನ್ನು ಧ್ವನಿಮುದ್ರಣ ಸಮೇತ ಬರೆದಿದ್ದಾರೆ. ಕುರುಬನ ಸಿಳ್ಳೆಯಲ್ಲಿ ಸ್ವರ ಅಷ್ಟಿಷ್ಟು ಆಚೀಚೆ ಆಗುತ್ತಿತ್ತಂತೆ, ಲಾರ್ಕ್ ಹಾಕಿದ್ದು ಅವನಿಗಿಂತ ಶುದ್ಧ.

ಎಲ್ಲ ಲಾರ್ಕ್‌ಗಳೂ ಗಂಟಲನ್ನೇ ನೆಚ್ಚಿಕೊಂಡಿಲ್ಲ. ಆಫ್ರಿಕಾದ ಫ್ಲಾಪೆಟ್ ಲಾರ್ಕ್ ಮೇಲೇರಿ ರೆಕ್ಕೆಗಳನ್ನೇ ಪಟಪಟ ಬಡಿದು ಸದ್ದು ಮಾಡುತ್ತದೆ. ಆ ಬಡಿತದ ತಾಳ ಒಂದೊಂದು ಕಡೆ ಒಂದೊಂದು ಥರ, ಅಕ್ಕಪಕ್ಕದವು ಒಂದೇ ತಾಳ ಬಳಸುತ್ತವೆ. ರೆಕ್ಕೆಬಡಿತಕ್ಕೂ ಊರೂರಿನ ಧಾಟಿ ಇದೆ ಅಂದರೆ ಅದನ್ನೂ ಕೇಳಿ ಕಲಿಯುತ್ತವೆ ಅಂತಲೇ ಲೆಕ್ಕ. ಹೂಪೋ ಲಾರ್ಕ್ ಆಟ ನೋಡಬೇಕು ನೀವು. ಇಷ್ಟು ಹೊತ್ತು ಮಂಕಾಗಿ ಮರಳಿನಲ್ಲಿ ಓಡಾಡುತ್ತಿದ್ದದ್ದು ಒಮ್ಮೆಲೇ ನೇರ ಮೇಲಕ್ಕೆ ಹಾರುತ್ತದೆ, ಜೊತೆಗೆ ಕೊಳಲಿನಂಥ ಸಿಳ್ಳೆ, ಒಂದೊಂದೇ ಸ್ವರ, ಮೇಲೇರಿದಂತೆ ಬೇಗ ಬೇಗ. ತುದಿ ಮುಟ್ಟಿದಾಗ ಮೈಯನ್ನು ತಿರುಚಿ ಲಾಗ ಹಾಕಿ, ರೆಕ್ಕೆಯ ಕಪ್ಪು ಬಿಳಿ ಪಟ್ಟಿಗಳನ್ನು ಬಿಚ್ಚಿ ತೋರಿಸುತ್ತ ಕೆಳಗೆ ಬೀಳುತ್ತದೆ. ಮರಳಿನ ಬಣ್ಣದ ಹಕ್ಕಿಗೆ ಆ ಪಟ್ಟಿಗಳು ರೆಕ್ಕೆ ಮುಚ್ಚಿದಾಗ ಕಾಣುವುದೇ ಇಲ್ಲ. ಇದಕ್ಕೆ ತದ್ವಿರುದ್ಧ ಸ್ಪೇನ್ ಮತ್ತು ಉತ್ತರ ಆಫ್ರಿಕಾದ ಡ್ಯೂಪಾಂಟ್ ಲಾರ್ಕ್, ಅದು ಹೆಚ್ಚಾಗಿ ಹಾಡುವುದು ಬೆಳಕು ಹರಿಯುವ ಮೊದಲು, ಕತ್ತಲಲ್ಲಿ. ಹತ್ತಿರ ಹೋದರೆ ಹಾರುವ ಬದಲು ಇಲಿ ಹಾಗೆ ಓಡಿಹೋಗುತ್ತದೆ. ಮತ್ತೆ ವುಡ್‌ಲಾರ್ಕ್ ಅಂತ ಒಂದಿದೆ, ಮರದ ಮೇಲೂ ಕೂತು ಹಾಡುತ್ತದೆ. ಬುಷ್‌ಲಾರ್ಕ್‌ಗಳು ಪೊದೆಯ ತುದಿಯಿಂದ ಸ್ವಲ್ಪ ಮೇಲೆ ಹಾರಿ ರೆಕ್ಕೆ ಬಿಡಿಸಿ ನಿಧಾನ ಇಳಿಯುತ್ತವೆ. ನನ್ನ ಬಯಲಿನ ವಾದಕ್ಕೆ ಇವು ಅಡ್ಡ ಬರುತ್ತವೆ ಅಂತ ಯಾರಾದರೂ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ, ಕೂರಲು ಜಾಗ ಇದ್ದ ಕಡೆ ಹಾರುವ ಎತ್ತರ ಕಡಿಮೆಯಾಗಿದೆ, ಅಷ್ಟೇ.

ಗಂಡು ಹೆಣ್ಣಿನ ವ್ಯತ್ಯಾಸ ಬಹುತೇಕ ಜಾತಿಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ. ನೆಲಗುಬ್ಬಿಗಳದ್ದು ಬೇರೆ ಕತೆ. ಗುಬ್ಬಿಯಷ್ಟೂ ಇಲ್ಲದ ಹಕ್ಕಿ, ದಪ್ಪ ಕೊಕ್ಕು, ಗಂಡಿನ ಹೊಟ್ಟೆ ಕಪ್ಪು, ಹೆಣ್ಣು ಪೂರ್ತಿ ಮಣ್ಣು ಬಣ್ಣ. ಮೇಲಿನಿಂದ ನೋಡುವ ಡೇಗೆಗೆ ಗಂಡಿನ ಬೆನ್ನು ಮಾತ್ರ ಕಾಣುತ್ತದೆ, ಅದು ಮಣ್ಣು ಬಣ್ಣವೇ. ಕಪ್ಪು ಇರುವುದು ಕೆಳಗೆ, ಹಾರಾಟದ ಪ್ರದರ್ಶನ ಕೊಡುವಾಗ ನೆಲದಲ್ಲಿ ಕೂತ ಹೆಣ್ಣಿಗೆ ಕಾಣುವ ಕಡೆ.

ಅಪಾಯದಲ್ಲಿರುವವುಗಳ ಬಗ್ಗೆ ಎರಡು ಮೂರು ಮಾತು. ಪಶ್ಚಿಮ ಆಫ್ರಿಕಾದಾಚೆ ಕಡಲಲ್ಲಿರುವ ಕೇಪ್ ವರ್ಡೆ ದೇಶದಲ್ಲಿ ರಾಸೋ ಅಂತ ಸುಮಾರು 7 ಚದರ ಕಿಲೋಮೀಟರಿನ, ಜನರಿಲ್ಲದ ಒಣ ದ್ವೀಪ. ಒಂದು ಜಾತಿಯ ಲಾರ್ಕ್ ಇಡೀ ಲೋಕದಲ್ಲಿ ಅಲ್ಲಿ ಮಾತ್ರ ಉಳಿದಿತ್ತು. ಮಳೆ ಬಂದ ವರ್ಷಗಳಲ್ಲಿ ಸಂಖ್ಯೆ ಸಾವಿರ ದಾಟಿದ್ದಿದೆ, ಬರ ಬಿದ್ದಾಗ ನೂರಕ್ಕೂ ಕೆಳಗೆ ಇಳಿದದ್ದಿದೆ. ಗಂಡಿನ ಕೊಕ್ಕು ಹೆಣ್ಣಿನದ್ದಕ್ಕಿಂತ ಸುಮಾರು 20% ಉದ್ದ. ಅದರಿಂದ ಮರಳು ತೋಡಿ ಜೇಕಿನ ಗೆಡ್ಡೆ ತಿನ್ನುತ್ತದೆ, ತೋಡಿದ ಗುಂಡಿಯನ್ನು ಹೆಣ್ಣಿಗೂ ಬಿಟ್ಟುಕೊಡದೆ ಕಾಯುತ್ತದೆ. 2018ರಲ್ಲಿ ಕೆಲವು ಹಕ್ಕಿಗಳನ್ನು ಹತ್ತಿರದ ಸಾಂಟಾ ಲೂಜಿಯಾ ದ್ವೀಪಕ್ಕೆ ಒಯ್ದು ಬಿಟ್ಟರು, ಅಲ್ಲಿ ಮರಿ ಮಾಡಿವೆ. ಇಥಿಯೋಪಿಯಾದ ಲಿಬೆನ್ ಬಯಲಿನ ಲಾರ್ಕ್‌ದು ಇನ್ನೂ ಕಷ್ಟ. ಹುಲ್ಲು ಮಿತಿಮೀರಿ ಮೇದು, ಪೊದೆ ಬೆಳೆದು, ನೆಲ ಉಳುಮೆಗೆ ಹೋಗಿ ಹಕ್ಕಿಗೆ ಉಳಿದದ್ದು ಚೂರು ಜಾಗ. ಅಲ್ಲಿನ ಬೋರಾನಾ ದನಗಾಹಿಗಳೇ ಹುಲ್ಲು ಬೆಳೆಯಲಿ ಅಂತ ಸಾಮೂಹಿಕವಾಗಿ ಬೇಲಿ ಹಾಕಿ ಬಿಟ್ಟ ಜಾಗಗಳು ಈಗ ಹಕ್ಕಿಗೂ ಆಸರೆ.

ಸ್ಕೈಲಾರ್ಕ್ ಇನ್ನೂ ಲಕ್ಷಗಟ್ಟಲೆ ಇದೆ, ಆದರೂ ಬ್ರಿಟನ್ನಿನಲ್ಲಿ 1970ರ ದಶಕದಿಂದ ಈಚೆಗೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಕಾರಣ ಬಹಳ ಸಣ್ಣದು. ಮೊದಲು ಗೋಧಿ ಬಾರ್ಲಿ ಬಿತ್ತುತ್ತಿದ್ದದ್ದು ವಸಂತದಲ್ಲಿ, ಈಗ ಶರತ್ಕಾಲದಲ್ಲೇ ಬಿತ್ತುತ್ತಾರೆ. ಹಾಗಾಗಿ ಲಾರ್ಕ್ ಎರಡನೇ ಸಲ, ಮೂರನೇ ಸಲ ಮೊಟ್ಟೆ ಇಡುವ ಹೊತ್ತಿಗೆ ಪೈರು ಎತ್ತರಕ್ಕೆ, ದಟ್ಟವಾಗಿ ಬೆಳೆದಿರುತ್ತದೆ, ಹಕ್ಕಿಗೆ ಒಳಗೆ ಇಳಿದು ನಡೆಯಲು ಆಗುವುದಿಲ್ಲ. ಕೊಯ್ಲಿನ ಕೂಳೆ ಚಳಿಗಾಲದಲ್ಲಿ ಉಳಿಯುವುದಿಲ್ಲ, ಉದುರಿದ ಕಾಳೂ ಇಲ್ಲ. ಪರಿಹಾರವೂ ಸಣ್ಣದೇ. ಬಿತ್ತುವಾಗ ಹೆಕ್ಟೇರಿಗೆ ಎರಡು ಕಡೆ 16ರಿಂದ 24 ಚದರ ಮೀಟರ್ ಜಾಗ ಬಿತ್ತದೆ ಬಿಟ್ಟುಬಿಡುವುದು. ಹಕ್ಕಿ ಅಲ್ಲಿ ಇಳಿದು ಹುಳ ಹುಡುಕಿ ಗೂಡಿಗೆ ಒಯ್ಯುತ್ತದೆ. ಪ್ರಯೋಗದಲ್ಲಿ ಇಂಥ ಹೊಲಗಳಲ್ಲಿ ಮರಿಗಳು ಜಾಸ್ತಿ ಉಳಿದಿವೆ, ರೈತನಿಗೆ ಹೋಗುವ ಬೆಳೆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲಿನ ಪ್ರಶ್ನೆಗಳಲ್ಲಿ ಒಂದು: ಸೈಬೀರಿಯಾದಲ್ಲಿ ಮಂಜಿನೊಳಗೆ ಸಿಕ್ಕ ಹಳೇ ಹಕ್ಕಿ ಲಾರ್ಕ್ ಅಂತ ಓದಿದ್ದೆ, ನಿಜವಾ? ನಿಜ. 2018ರಲ್ಲಿ ಯಾಕೂಟಿಯಾದ ಬೆಲಾಯಾ ಗೋರಾ ಹತ್ತಿರ ಮ್ಯಾಮತ್ ದಂತ ಹುಡುಕುವವರಿಗೆ ಸಿಕ್ಕಿತು. ಗರಿ, ಉಗುರು ಎಲ್ಲ ಹಾಗೇ ಇತ್ತು, ನಿನ್ನೆ ಮೊನ್ನೆ ಸತ್ತ ಹಾಗೆ. ಕಾಲ ನಿರ್ಣಯ ಮಾಡಿದರೆ ಸುಮಾರು 46,000 ವರ್ಷ. ಡಿಎನ್ಎ ನೋಡಿದಾಗ ಹೆಣ್ಣು ಕೊಂಬಿನ ಲಾರ್ಕ್ ಅಂತ ಗೊತ್ತಾಯಿತು. ಈಗ ಉತ್ತರ ರಷ್ಯಾದ ಟಂಡ್ರಾದಲ್ಲಿರುವ ಒಂದು ಉಪಜಾತಿ, ಮಂಗೋಲಿಯಾದ ಹುಲ್ಲುಗಾವಲಿನ ಇನ್ನೊಂದು, ಎರಡಕ್ಕೂ ಪೂರ್ವಿಕರಾದ ಗುಂಪಿನದ್ದು ಅದು.

ಇನ್ನೊಬ್ಬರು ಕೇಳಿದ್ದು, ಹಾಡಿ ಇಳಿದ ಜಾಗದಲ್ಲಿ ಹುಡುಕಿದರೆ ಗೂಡು ಸಿಗುತ್ತದಾ ಅಂತ. ಸಿಗುವುದಿಲ್ಲ. ಲಾರ್ಕ್ ಗೂಡಿನ ಹತ್ತಿರ ಇಳಿಯುವುದೇ ಇಲ್ಲ, ಸ್ವಲ್ಪ ದೂರದಲ್ಲಿ ಇಳಿದು ಹುಲ್ಲಿನ ಮರೆಯಲ್ಲಿ ನಡೆದು ಹೋಗುತ್ತದೆ, ಹೊರಡುವಾಗಲೂ ಹಾಗೇ. ನೀವು ಹುಡುಕುತ್ತ ಓಡಾಡಿದರೆ ಹುಲ್ಲು ಮಲಗಿ ದಾರಿ ಆಗುತ್ತದೆ, ನರಿಗೆ ಅಷ್ಟು ಸಾಕು. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡ ಹಕ್ಕಿ ನಿಮ್ಮನ್ನೇ ನೋಡುತ್ತ ನಿಂತಿದ್ದರೆ, ಇಲ್ಲವೇ ರೆಕ್ಕೆ ಮುರಿದವರ ಹಾಗೆ ನಿಮ್ಮ ಮುಂದೆ ತೆವಳುತ್ತ ಹೋದರೆ, ನೀವು ಆಗಲೇ ಮರಿಗಳ ತೀರ ಹತ್ತಿರ ಬಂದಿದ್ದೀರಿ ಅಂತ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ದೂರ ಕೂತು ಬೈನಾಕ್ಯುಲರ್ ಹಿಡಿಯಿರಿ.